ಕೆಂಪಿನಿಂದ ನೀಲಿಗೆ ಮೂವತ್ತೊಂದು ವರ್ಷ

ಒಳಗೆ ಬರುವಾಗ ನಿಮಗೆಲ್ಲ ಒಂದೊಂದು ಚಿಕ್ಕ ಎಲ್‌ಇಡಿ ಕೊಟ್ಟಿದ್ದೇನೆ. ಐದು ಮಿಲಿಮೀಟರ್ ದಪ್ಪದ್ದು, ಎರಡು ಕಾಲಿನದ್ದು. ಮೊದಲು ಅದನ್ನು ಹೊತ್ತಿಸದೆ ಸುಮ್ನೆ ನೋಡೋಣ. ಭೂತಗನ್ನಡಿ ಸಿಕ್ಕವರು ನೋಡಿ ಪಕ್ಕದವರಿಗೆ ದಾಟಿಸಿ.

ಒಂದು ಕಾಲು ಉದ್ದ, ಇನ್ನೊಂದು ಗಿಡ್ಡ. ಉದ್ದದ್ದು ಪ್ಲಸ್. ಕಾಲುಗಳು ಪಾರದರ್ಶಕ ಪ್ಲಾಸ್ಟಿಕ್ಕಿನ ಒಳಗೆ ಹೋಗುತ್ತವೆ. ಒಂದರ ತುದಿಯಲ್ಲಿ ಪುಟ್ಟ ಬಟ್ಟಲು ಇದೆ. ಇನ್ನೊಂದು ಅದರ ಪಕ್ಕ ಕಂಬದ ಹಾಗೆ ನಿಂತಿದೆ. ಬಟ್ಟಲಿನ ತಳದಲ್ಲಿ ಒಂದು ಚೌಕದ ಚುಕ್ಕಿ ಕಾಣುತ್ತಿದೆಯಾ? ಮಿಲಿಮೀಟರಿನ ಮೂರನೇ ಒಂದು ಭಾಗದಷ್ಟು ಅಗಲ, ಒಂದು ಮರಳಿನ ಕಣದಷ್ಟು. ಅದರ ನೆತ್ತಿಯಿಂದ ಕೂದಲಿಗಿಂತ ತೆಳ್ಳಗಿನ ತಂತಿಯೊಂದು ಕಂಬಕ್ಕೆ ಹೋಗಿದೆ. ಕೆಲವರ ಕೈಯಲ್ಲಿರುವುದರಲ್ಲಿ ಎರಡು ತಂತಿ ಇರುತ್ತದೆ. ಯಾರಿಗೆ ಎರಡು ಕಂಡಿತೋ ಅವರು ನೆನಪಿಟ್ಟುಕೊಳ್ಳಿ, ಆಮೇಲೆ ಅದಕ್ಕೆ ಬರುತ್ತೇನೆ.

ಬೆಳಕು ಬರುವುದು ಆ ಚುಕ್ಕಿಯಿಂದ ಮಾತ್ರ. ಅದೊಂದು ಹರಳು. ಉಳಿದ ಪ್ಲಾಸ್ಟಿಕ್ಕು, ಬಟ್ಟಲು, ಕಾಲು ಎಲ್ಲ ಅದಕ್ಕೆ ಕಟ್ಟಿದ ಮನೆ. ಪ್ಲಾಸ್ಟಿಕ್ಕಿಗೆ ಕೆಂಪು ಬಣ್ಣ ಹಾಕಿದ್ದಕ್ಕೆ ಕೆಂಪು ಬೆಳಕು ಬರುತ್ತದೆ ಅಂತ ಹಲವರು ಅಂದುಕೊಂಡಿರುತ್ತಾರೆ. ನಿಮಗೆ ಕೊಟ್ಟಿರುವುದರಲ್ಲಿ ಪ್ಲಾಸ್ಟಿಕ್ಕಿಗೆ ಬಣ್ಣವೇ ಇಲ್ಲ. ಆದರೂ ಹೊತ್ತಿಸಿದರೆ ಕೆಲವು ಕೆಂಪಗೆ, ಕೆಲವು ನೀಲಿಯಾಗಿ ಬೆಳಗುತ್ತವೆ. ಬಣ್ಣ ಹರಳಿನ ಒಳಗೇ ಇದೆ. ಅದು ಅಲ್ಲಿ ಹೇಗೆ ಬಂತು ಅನ್ನುವುದೇ ಇವತ್ತಿನ ಮಾತು.

ಹಳೆಯ ಬಲ್ಬು ನೆನಪಿದೆ ಅಲ್ವಾ? ಟಂಗ್‌ಸ್ಟನ್ ತಂತಿಯನ್ನು ಸುಮಾರು 2,500 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸುತ್ತಿದ್ದೆವು. ಅದು ಕಾದು ಕೆಂಡವಾಗಿ ಬೆಳಗುತ್ತಿತ್ತು. ಕೊಟ್ಟ ಕರೆಂಟಿನಲ್ಲಿ ನೂರಕ್ಕೆ ಐದು ಪಾಲಿನಷ್ಟು ಕಣ್ಣಿಗೆ ಕಾಣುವ ಬೆಳಕಾಗುತ್ತಿತ್ತು. ಮಿಕ್ಕಿದ್ದೆಲ್ಲ ಬಿಸಿ. ದೀವಟಿಗೆಯಿಂದ ಹಿಡಿದು ಬಲ್ಬಿನವರೆಗೆ ಮನುಷ್ಯ ಮಾಡಿದ್ದು ಇದನ್ನೇ: ಏನನ್ನಾದರೂ ಕಾಯಿಸು, ಬೆಳಕು ತಾನಾಗಿ ಬರುತ್ತದೆ. ಎಲ್‌ಇಡಿಯಲ್ಲಿ ಬೆಳಕು ಬರಲು ಏನೂ ಕಾಯಬೇಕಾಗಿಲ್ಲ. ಎಲೆಕ್ಟ್ರಾನ್ ತನ್ನ ಶಕ್ತಿಯನ್ನು ನೇರವಾಗಿ ಬೆಳಕಿನ ರೂಪದಲ್ಲಿ ಕೊಟ್ಟುಬಿಡುತ್ತದೆ.

ಹರಳಿನ ಒಳಗನ್ನು ಒಂದು ಮಹಡಿ ಮನೆ ಅಂತ ಇಟ್ಟುಕೊಳ್ಳಿ. ಎಲೆಕ್ಟ್ರಾನ್‌ಗಳಿಗೆ ಇರಲು ಅಲ್ಲಿ ಎರಡೇ ಜಾಗ, ನೆಲಮಾಳಿಗೆ ಮತ್ತು ಮೇಲಿನ ಮಹಡಿ. ನಡುವೆ ಮೆಟ್ಟಿಲಿಲ್ಲ, ನಿಲ್ಲುವುದಕ್ಕೆ ಜಾಗವೂ ಇಲ್ಲ. ಶುದ್ಧ ಹರಳಿನಲ್ಲಿ ನೆಲಮಾಳಿಗೆ ಕಿಕ್ಕಿರಿದು ತುಂಬಿರುತ್ತದೆ. ಎಷ್ಟು ತುಂಬಿರುತ್ತದೆ ಅಂದರೆ ಯಾರೂ ಅಲುಗಾಡಲು ಆಗುವುದಿಲ್ಲ. ಮೇಲಿನ ಮಹಡಿ ಖಾಲಿ. ಅದಕ್ಕೇ ಕರೆಂಟು ಹರಿಯುವುದು ಕಷ್ಟ.

ಈಗ ಆ ಹರಳಿಗೆ ಬೇರೆ ಪರಮಾಣುಗಳನ್ನು ಚಿಟಿಕೆಯಷ್ಟು ಬೆರೆಸುತ್ತಾರೆ. ಡೋಪಿಂಗ್ ಅನ್ನುವುದು ಇದಕ್ಕೆ. ಒಂದು ಬಗೆಯ ಪರಮಾಣು ಬೆರೆಸಿದರೆ ಮೇಲಿನ ಮಹಡಿಗೆ ಕೆಲವು ಎಲೆಕ್ಟ್ರಾನ್‌ಗಳು ಬಂದು ಸೇರುತ್ತವೆ. ಅದು ಎನ್ ಭಾಗ. ಇನ್ನೊಂದು ಬಗೆಯದು ಬೆರೆಸಿದರೆ ನೆಲಮಾಳಿಗೆಯಲ್ಲಿ ಕೆಲವು ಜಾಗ ಖಾಲಿಯಾಗುತ್ತವೆ. ಅದು ಪಿ ಭಾಗ. ಆ ಖಾಲಿ ಜಾಗಕ್ಕೆ ರಂಧ್ರ ಎನ್ನುತ್ತಾರೆ. ಒಂದೇ ಹರಳಿನಲ್ಲಿ ಎನ್ ಮತ್ತು ಪಿ ಎರಡೂ ಅಂಟಿಕೊಂಡಿದ್ದರೆ ಡಯೋಡ್ ಆಯಿತು. ಸರಿಯಾದ ದಿಕ್ಕಿನಲ್ಲಿ ಬ್ಯಾಟರಿ ಕೊಟ್ಟರೆ ಎಲೆಕ್ಟ್ರಾನ್‌ಗಳು ಮಹಡಿಯ ಮೇಲೇ ನಡೆದು ಎನ್‌ನಿಂದ ಪಿ ಕಡೆಗೆ ಬರುತ್ತವೆ. ಅಲ್ಲಿ ಕೆಳಗೆ ಖಾಲಿ ಜಾಗ ಇದೆ. ಧುಮುಕುತ್ತವೆ. ಹಾಗೆ ಧುಮುಕುವಾಗ ಕಳೆದುಕೊಳ್ಳುವ ಶಕ್ತಿಯೇ ಬೆಳಕಿನ ಒಂದು ಕಣವಾಗಿ, ಫೋಟಾನ್ ಆಗಿ, ಹೊರಬರುತ್ತದೆ.

ಎರಡು ಅಂತಸ್ತುಗಳ ನಡುವಿನ ಎತ್ತರ ಎಷ್ಟೋ ಫೋಟಾನ್‌ನ ಶಕ್ತಿ ಅಷ್ಟು. ಫೋಟಾನ್‌ನ ಶಕ್ತಿ ಎಷ್ಟೋ ಬಣ್ಣ ಅದರಂತೆ. ಈ ಎತ್ತರವನ್ನು ಎಲೆಕ್ಟ್ರಾನ್ ವೋಲ್ಟ್‌ನಲ್ಲಿ ಅಳೆಯುತ್ತಾರೆ. ಕೆಂಪಿಗೆ ಸುಮಾರು 1.9 ಬೇಕು. ನೀಲಿಗೆ ಸುಮಾರು 2.75. 1,240 ಅನ್ನು ಈ ಸಂಖ್ಯೆಯಿಂದ ಭಾಗಿಸಿದರೆ ಬೆಳಕಿನ ತರಂಗದ ಉದ್ದ ನ್ಯಾನೋಮೀಟರ್‌ನಲ್ಲಿ ಸಿಗುತ್ತದೆ. 1,240 ಭಾಗಿಸು 2.75, ಅಂದರೆ 450 ನ್ಯಾನೋಮೀಟರ್. ಅಚ್ಚ ನೀಲಿ.

ಮೇಜಿನ ಮೇಲೆ ಮೂರು ವೋಲ್ಟಿನ ಬಿಲ್ಲೆ ಸೆಲ್‌ಗಳಿವೆ, ಒಂದೊಂದು ತೆಗೆದುಕೊಳ್ಳಿ. ಸೆಲ್‌ನ ಎರಡು ಬದಿಗೆ ಎರಡು ಕಾಲು ತಗಲುವಂತೆ ಹಿಡಿಯಿರಿ. ಕೆಂಪು ಧಾರಾಳವಾಗಿ ಹೊತ್ತಿತು. ನೀಲಿ ಸ್ವಲ್ಪ ಮಂಕು. ಕೆಂಪಿಗೆ ಎರಡು ವೋಲ್ಟ್ ಹತ್ತಿರ ಸಾಕು, ನೀಲಿಗೆ ಮೂರರ ಹತ್ತಿರ ಬೇಕು. ಮಹಡಿ ಎತ್ತರವಿದ್ದಷ್ಟೂ ತಳ್ಳುವ ಒತ್ತಡ ಜಾಸ್ತಿ ಬೇಕು. ನೀವು ಈಗ ಕೈಯಲ್ಲಿ ಹಿಡಿದಿರುವ ವ್ಯತ್ಯಾಸ, ಹರಳಿನ ಒಳಗಿನ ಎತ್ತರದ ವ್ಯತ್ಯಾಸವೇ.

ಹಾಗಾದರೆ ಕಂಪ್ಯೂಟರ್ ಚಿಪ್ಪಿನ ಸಿಲಿಕಾನ್ ಯಾಕೆ ಬೆಳಗುವುದಿಲ್ಲ? ಅದರಲ್ಲೂ ಎರಡು ಅಂತಸ್ತು ಇದೆ, ಎತ್ತರ 1.1. ತೊಂದರೆ ಏನೆಂದರೆ ಅಲ್ಲಿ ಖಾಲಿ ಜಾಗ ನೇರ ಕೆಳಗೆ ಇಲ್ಲ. ಓರೆಯಲ್ಲಿ ಇದೆ. ಎಲೆಕ್ಟ್ರಾನ್ ಅಲ್ಲಿ ಧುಮುಕಬೇಕಾದರೆ ಹರಳನ್ನೇ ಒಮ್ಮೆ ನೂಕಬೇಕು. ಆ ಹೊತ್ತಿಗೆ ಶಕ್ತಿ ಹರಳಿನ ನಡುಕವಾಗಿ, ಬಿಸಿಯಾಗಿ ಹೋಗಿಬಿಡುತ್ತದೆ. ಗ್ಯಾಲಿಯಂ ಆರ್ಸೆನೈಡ್‌ನಂಥ ಹರಳಿನಲ್ಲಿ ಖಾಲಿ ಜಾಗ ನೇರ ಕೆಳಗೇ ಇದೆ. ಈ ನೇರ ಮತ್ತು ಓರೆಯ ವ್ಯತ್ಯಾಸ ಮುಂದೆ ಮತ್ತೆ ಮತ್ತೆ ಅಡ್ಡ ಬರುತ್ತದೆ.

ಇಷ್ಟೆಲ್ಲ ತಿಳಿಯುವುದಕ್ಕೆ ಮೊದಲೇ ಒಬ್ಬರ ಕಣ್ಣಿಗೆ ಈ ಬೆಳಕು ಬಿದ್ದಿತ್ತು. 1907ರಲ್ಲಿ ಮಾರ್ಕೋನಿ ಕಂಪನಿಯಲ್ಲಿದ್ದ ಹೆನ್ರಿ ರೌಂಡ್ ಕಾರ್ಬೊರಂಡಮ್ ಹರಳಿಗೆ 10 ವೋಲ್ಟ್ ಕೊಟ್ಟಾಗ ಹಳದಿ ಬೆಳಕು ಕಂಡಿತು. ಕಾರ್ಬೊರಂಡಮ್ ಅಂದರೆ ಸಾಣೆ ಹಿಡಿಯಲು ಬಳಸುವ ಸಿಲಿಕಾನ್ ಕಾರ್ಬೈಡ್. ಅವರು ಒಂದು ಪತ್ರಿಕೆಗೆ ಚಿಕ್ಕ ಟಿಪ್ಪಣಿ ಬರೆದರು, ಅಷ್ಟೆ.

ಈ ಇಡೀ ಕಥೆಯಲ್ಲಿ ನನ್ನನ್ನು ಅತಿ ಹೆಚ್ಚು ಕಾಡುವವರು ಒಲೆಗ್ ಲೋಸೆವ್. 1903ರಲ್ಲಿ ರಷ್ಯದಲ್ಲಿ ಹುಟ್ಟಿದವರು. ಕ್ರಮವಾದ ಕಾಲೇಜು ಓದು ಸಿಗಲಿಲ್ಲ. ನಿಜ್ನಿ ನೊವ್ಗೊರೊದ್‌ನ ರೇಡಿಯೋ ಪ್ರಯೋಗಾಲಯದಲ್ಲಿ ತಂತ್ರಜ್ಞರಾಗಿ ಕೆಲಸ ಮಾಡುತ್ತಿದ್ದರು. ರೇಡಿಯೋ ಹರಳುಗಳಿಂದ ಬರುವ ಬೆಳಕನ್ನು ಕಂಡು ಅವರು ಸುಮ್ಮನಾಗಲಿಲ್ಲ. ಇದು ಬಿಸಿಯಿಂದ ಬರುವ ಬೆಳಕೋ, ಬೇರೆಯದೋ ಅಂತ ತಿಳಿಯಬೇಕಿತ್ತು. ಬೆಳಗುತ್ತಿರುವ ಜಾಗದ ಮೇಲೆ ಒಂದು ಹನಿ ಬೆಂಜೀನ್ ಹಾಕಿದರು. ಬೆಂಜೀನ್ ಬಹಳ ಬೇಗ ಆವಿಯಾಗುವ ದ್ರವ. ಹರಳು ಕಾದಿದ್ದರೆ ಹನಿ ತಕ್ಷಣ ಹಾರಿಹೋಗಬೇಕು. ಅದು ನಿಧಾನವಾಗಿಯೇ ಆರಿತು. ತಣ್ಣಗಿನ ಬೆಳಕು! ಒಂದು ಹನಿಯಿಂದ ಅಷ್ಟು ದೊಡ್ಡ ಪ್ರಶ್ನೆ ತೀರಿತು. 1927ರಲ್ಲಿ ಇದರ ಬಗ್ಗೆ ವಿವರವಾಗಿ ಬರೆದರು. ಹೊಸ ಕ್ವಾಂಟಂ ವಿಜ್ಞಾನದಿಂದಲೇ ಇದನ್ನು ವಿವರಿಸಬೇಕು ಅಂತಲೂ ಕಂಡುಕೊಂಡಿದ್ದರು. ಆದರೆ ಅರೆವಾಹಕದ, ಅಂದರೆ ಇಂಥ ಹರಳುಗಳ, ಅಂತಸ್ತುಗಳ ಲೆಕ್ಕ ಸಿದ್ಧವಾಗಿದ್ದು 1930ರ ದಶಕದಲ್ಲಿ. 1942ರಲ್ಲಿ, ಜರ್ಮನ್ ಸೇನೆ ಲೆನಿನ್‌ಗ್ರಾಡ್ ನಗರವನ್ನು ಮುತ್ತಿದ್ದಾಗ, ಲೋಸೆವ್ ಹಸಿವಿನಿಂದ ತೀರಿಕೊಂಡರು. ಮೂವತ್ತೆಂಟು ವರ್ಷ.

ಅಲ್ಲಿಂದ ಇಪ್ಪತ್ತು ವರ್ಷ ಮುಂದೆ ಬರೋಣ. ಟ್ರಾನ್ಸಿಸ್ಟರ್ ಬಂದಾಗಿತ್ತು. ಶುದ್ಧ ಹರಳು ಬೆಳೆಸುವುದು ಒಂದು ಕಸುಬೇ ಆಗಿತ್ತು. 1961ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಜೇಮ್ಸ್ ಬಿಯರ್ಡ್ ಮತ್ತು ಗ್ಯಾರಿ ಪಿಟ್‌ಮನ್ ಗ್ಯಾಲಿಯಂ ಆರ್ಸೆನೈಡ್‌ನಿಂದ ಬೆಳಕು ಬರುವುದನ್ನು ಕಂಡರು. ಅದರ ಎತ್ತರ 1.4. ಹಾಗಾಗಿ ಬರುವುದು ಇನ್‌ಫ್ರಾರೆಡ್, ಕಣ್ಣಿಗೆ ಕಾಣದ ಬೆಳಕು. ಟಿವಿ ರಿಮೋಟಿನ ಮೂತಿಯಲ್ಲಿ ಇರುವುದು ಈ ಜಾತಿಯದ್ದೇ. ಮೊಬೈಲ್ ಕ್ಯಾಮೆರಾವನ್ನು ಅದರ ಎದುರು ಹಿಡಿದು ಬಟನ್ ಒತ್ತಿ ನೋಡಿ, ಹಲವು ಮೊಬೈಲ್‌ಗಳಲ್ಲಿ ನಸು ನೇರಳೆಯಾಗಿ ಮಿನುಗುವುದು ಕಾಣುತ್ತದೆ.

ಕಣ್ಣಿಗೆ ಕಾಣಬೇಕಾದರೆ ಎತ್ತರ ಜಾಸ್ತಿ ಮಾಡಬೇಕು. ಜನರಲ್ ಎಲೆಕ್ಟ್ರಿಕ್‌ನ ನಿಕ್ ಹೊಲೊನ್ಯಾಕ್ ಆರ್ಸೆನಿಕ್‌ನ ಸ್ವಲ್ಪ ಭಾಗವನ್ನು ತೆಗೆದು ಅಲ್ಲಿ ರಂಜಕ ಸೇರಿಸಿದರು. ಹೀಗೆ ಬೆರಕೆ ಮಾಡಿದ ಹರಳು ನೆಟ್ಟಗೆ ಕೆಲಸ ಮಾಡದು ಅಂತ ಹಲವರು ನಂಬಿದ್ದ ಕಾಲ ಅದು. ಹೊಲೊನ್ಯಾಕ್ ಮುಚ್ಚಿದ ಕ್ವಾರ್ಟ್ಜ್ ಕೊಳವೆಯಲ್ಲಿ ಅದನ್ನು ತಾವೇ ಬೆಳೆಸಿದರು. 1962ರ ಅಕ್ಟೋಬರ್‌ನಲ್ಲಿ ಅದು ಕೆಂಪಗೆ ಹೊತ್ತಿತು. ಇದು ಮುಂದೊಂದು ದಿನ ಬಲ್ಬಿನ ಜಾಗಕ್ಕೆ ಬರುತ್ತದೆ ಅಂತ ಮರುವರ್ಷವೇ ಹೇಳಿದ್ದರು. ಆಗ ಅದರ ಬೆಳಕು ಒಂದು ಸೂಚಕ ದೀಪಕ್ಕಷ್ಟೇ ಸಾಲುತ್ತಿತ್ತು.

1972ರ ಹೊತ್ತಿಗೆ ಕ್ಯಾಲ್ಕುಲೇಟರ್‌ಗಳಲ್ಲಿ, ಕೈಗಡಿಯಾರದಲ್ಲಿ ಕೆಂಪು ಅಂಕಿಗಳು ಬಂದವು. ಹೊಲೊನ್ಯಾಕ್ ಅವರ ಶಿಷ್ಯ ಜಾರ್ಜ್ ಕ್ರಾಫರ್ಡ್ ಅದೇ ವರ್ಷ ಹಳದಿ ಮಾಡಿದರು. ರಂಜಕ ಇನ್ನೂ ಇನ್ನೂ ಸೇರಿಸುತ್ತಾ ಹೋದರೆ ನೀಲಿ ಬರಬೇಕಲ್ಲ? ಬರುವುದಿಲ್ಲ. ರಂಜಕದ ಪಾಲು ಸುಮಾರು ನೂರಕ್ಕೆ 45 ದಾಟಿದರೆ ಖಾಲಿ ಜಾಗ ನೇರ ಕೆಳಗಿನಿಂದ ಓರೆಗೆ ಸರಿಯುತ್ತದೆ. ಸಿಲಿಕಾನ್‌ಗೆ ಇದ್ದ ರೋಗವೇ. ಬೆಳಕು ಕುಸಿಯುತ್ತದೆ. ಸಿಲಿಕಾನ್ ಕಾರ್ಬೈಡ್‌ನಿಂದ ನೀಲಿ ಎಲ್‌ಇಡಿ ಮಾಡಿದ್ದರು, ಮಾರಾಟಕ್ಕೂ ಬಂದಿತ್ತು. ಅದೂ ಓರೆಯ ಹರಳೇ, ಹಾಗಾಗಿ ಬಹಳ ಮಂಕು.

ನೀಲಿ ಇಲ್ಲದೆ ಬಿಳಿ ಇಲ್ಲ. ಬಿಳಿ ಇಲ್ಲದೆ ಮನೆಗೆ, ಬೀದಿಗೆ ದೀಪ ಇಲ್ಲ. ಎಲ್‌ಇಡಿ ಬರೀ ಸೂಚಕ ದೀಪವಾಗಿ ನಿಂತುಬಿಟ್ಟಿತ್ತು.

ಒಂದು ಹರಳು ಮಾತ್ರ ಎಲ್ಲ ರೀತಿಯಲ್ಲೂ ಹೊಂದುತ್ತಿತ್ತು, ಗ್ಯಾಲಿಯಂ ನೈಟ್ರೈಡ್. ಎತ್ತರ 3.4, ಖಾಲಿ ಜಾಗ ನೇರ ಕೆಳಗೆ. ಸ್ವಲ್ಪ ಇಂಡಿಯಂ ಬೆರೆಸಿದರೆ ಎತ್ತರ ಇಳಿದು ಸರಿಯಾಗಿ ನೀಲಿಗೆ ಬಂದು ಕೂರುತ್ತದೆ. ಇದು 1970ರ ಸುಮಾರಿಗೇ ಗೊತ್ತಿತ್ತು. ಅಮೆರಿಕದ ಆರ್‌ಸಿಎ ಪ್ರಯೋಗಾಲಯದಲ್ಲಿ ಹರ್ಬರ್ಟ್ ಮರುಸ್ಕ ಮತ್ತು ಜಾಕ್ ಪಾಂಕೋವ್ ಅದರಿಂದ ಮಸುಕಾದ ಬೆಳಕನ್ನೂ ಬರಿಸಿದ್ದರು. ಕೆಲಸ ಅಲ್ಲಿಗೇ ನಿಂತಿತು. ಯಾಕೆಂದರೆ ಆ ಹರಳನ್ನು ಬೆಳೆಸಲು ಆಗುತ್ತಿರಲಿಲ್ಲ.

ಬೇರೆ ಹರಳುಗಳನ್ನು ಕರಗಿಸಿ, ನಿಧಾನವಾಗಿ ತಣಿಸಿ ಬೆಳೆಸಬಹುದು. ಗ್ಯಾಲಿಯಂ ನೈಟ್ರೈಡ್ ಕರಗುವ ಮೊದಲೇ ಅದರ ನೈಟ್ರೋಜನ್ ಹಾರಿಹೋಗುತ್ತದೆ. ಹಾಗಾಗಿ ಸಾವಿರ ಡಿಗ್ರಿ ಬಿಸಿಯಲ್ಲಿ, ಅನಿಲದಿಂದ, ಬೇರೊಂದು ಹರಳಿನ ಹಾಸಿನ ಮೇಲೆ ಪದರ ಪದರವಾಗಿ ಕೂರಿಸಬೇಕು. ಆ ಬಿಸಿ ತಾಳುವ ಹಾಸು ಸಿಕ್ಕಿದ್ದು ಸಫೈರ್, ನೀಲಮಣಿಯ ಜಾತಿಯ ಹರಳು. ಆದರೆ ಎರಡರ ಪರಮಾಣುಗಳ ನಡುವಿನ ದೂರ ಹೊಂದುವುದಿಲ್ಲ. ನೂರಕ್ಕೆ ಹದಿನಾರರಷ್ಟು ವ್ಯತ್ಯಾಸ. ಅಳತೆ ತಪ್ಪಿದ ಬುನಾದಿಯ ಮೇಲೆ ಇಟ್ಟಿಗೆ ಜೋಡಿಸಿದ ಹಾಗೆ. ಮೇಲೆ ಬೆಳೆದದ್ದು ಬಿರುಕು ಬಿಟ್ಟ, ಒರಟಾದ, ಮಂಜು ಕವಿದಂಥ ಪದರ. ಅಷ್ಟರ ಮೇಲೆ, ಏನು ಬೆರೆಸಿದರೂ ಪಿ ಭಾಗ ಆಗುತ್ತಿರಲಿಲ್ಲ. ಜಗತ್ತಿನ ಹೆಚ್ಚಿನ ತಂಡಗಳು ಜಿಂಕ್ ಸೆಲೆನೈಡ್ ಕಡೆಗೆ ಹೋದವು. ಅದು ಗ್ಯಾಲಿಯಂ ಆರ್ಸೆನೈಡ್ ಹಾಸಿನ ಮೇಲೆ ಸೊಗಸಾಗಿ ಹೊಂದಿಕೊಳ್ಳುತ್ತಿತ್ತು. ಅವರನ್ನು ತಪ್ಪು ಅನ್ನಲಾಗದು, ಆ ಹೊತ್ತಿಗೆ ಯಾರೇ ಆಗಿದ್ದರೂ ಅದನ್ನೇ ಆರಿಸುತ್ತಿದ್ದರು.

ಜಪಾನಿನ ನಗೋಯ ವಿಶ್ವವಿದ್ಯಾಲಯದ ಇಸಾಮು ಅಕಸಾಕಿ ಮಾತ್ರ ಬಿಡಲಿಲ್ಲ. ಅವರ ಜೊತೆ ಹಿರೋಶಿ ಅಮಾನೊ ಎಂಬ ವಿದ್ಯಾರ್ಥಿ. 1986ರಲ್ಲಿ ಒಂದು ದಾರಿ ಸಿಕ್ಕಿತು. ಸಫೈರ್ ಮೇಲೆ ಮೊದಲು ಕಡಿಮೆ ಬಿಸಿಯಲ್ಲಿ ಅಲ್ಯೂಮಿನಿಯಂ ನೈಟ್ರೈಡ್‌ನ ತೆಳ್ಳನೆ ಪದರ ಕೂರಿಸಿದರು. ನ್ಯಾನೋಮೀಟರ್ ಲೆಕ್ಕದಲ್ಲಿ ಹೇಳಬೇಕಾದಷ್ಟು ತೆಳು. ಆಮೇಲೆ ಬಿಸಿ ಏರಿಸಿ ಗ್ಯಾಲಿಯಂ ನೈಟ್ರೈಡ್ ಬೆಳೆಸಿದರು. ಗೋಡೆಗೆ ಗಿಲಾವು ಮಾಡಿ ಬಣ್ಣ ಬಳಿದ ಹಾಗೆ ಇದು. ಮಂಜು ಹೋಗಿ ಗಾಜಿನಂಥ ಪದರ ಬಂತು.

ಪಿ ಭಾಗದ ಸಮಸ್ಯೆ ಬಿಡಿಸಿದ್ದು ಒಂದು ಸೂಕ್ಷ್ಮದರ್ಶಕ. ಮೆಗ್ನೀಸಿಯಂ ಬೆರೆಸಿದ ಹರಳನ್ನು ಎಲೆಕ್ಟ್ರಾನ್ ಕಿರಣದ ಕೆಳಗೆ ಇಟ್ಟಾಗ ಅದರ ಹೊಳಪು ಏರಿತು. ಪರೀಕ್ಷಿಸಿದರೆ ಅದು ಪಿ ಆಗಿತ್ತು. ಇದು 1989. ಯಾಕೆ ಹೀಗಾಯಿತು ಅನ್ನುವ ಉತ್ತರ ಕೊಟ್ಟವರು ಮೂರನೆಯವರು, ಶೂಜಿ ನಕಮುರ. ಅವರು ಇದ್ದದ್ದು ನಿಚಿಯಾ ಎಂಬ ಕಂಪನಿಯಲ್ಲಿ. ಅದು ಫಾಸ್ಫರ್ ಪುಡಿ, ಅಂದರೆ ಒಂದು ಬಣ್ಣದ ಬೆಳಕು ಕುಡಿದು ಇನ್ನೊಂದು ಬಣ್ಣದ್ದು ಬಿಡುವ ಪುಡಿ, ಮಾಡುತ್ತಿದ್ದ ಚಿಕ್ಕ ಕಂಪನಿ. ಹರಳು ಬೆಳೆಸುವಾಗ ಅಮೋನಿಯ ಅನಿಲ ಬಳಸುತ್ತಾರೆ. ಅದರ ಹೈಡ್ರೋಜನ್ ಹರಳಿನೊಳಗೆ ನುಸುಳಿ ಮೆಗ್ನೀಸಿಯಂಗೆ ಅಂಟಿಕೊಂಡು ಅದನ್ನು ಕಟ್ಟಿಹಾಕಿತ್ತು. 1992ರಲ್ಲಿ ನಕಮುರ ಹರಳನ್ನು ನೈಟ್ರೋಜನ್‌ನಲ್ಲಿ 700 ಡಿಗ್ರಿಯವರೆಗೆ ಕಾಯಿಸಿದರು. ಹೈಡ್ರೋಜನ್ ಬಿಟ್ಟುಹೋಯಿತು. ಇಡೀ ಹರಳು ಒಂದೇ ಸಲಕ್ಕೆ ಪಿ ಆಯಿತು. ಇಪ್ಪತ್ತು ವರ್ಷ ಕಾಡಿದ ಸಮಸ್ಯೆಗೆ ಕೊನೆಗೆ ಒಂದು ಒಲೆ ಸಾಕಾಯಿತು!

ಹರಳು ಬೆಳೆಸುವ ಯಂತ್ರವನ್ನೂ ಅವರು ತಾವೇ ಬಿಚ್ಚಿ ಜೋಡಿಸಿ ಬದಲಿಸಿದ್ದರು. ಮಾಮೂಲಿ ಯಂತ್ರದಲ್ಲಿ ಬಿಸಿ ಹಾಸಿನಿಂದ ಏಳುವ ಗಾಳಿ ಅನಿಲವನ್ನು ಮೇಲೆತ್ತಿಬಿಡುತ್ತಿತ್ತು. ಬೇಕಾದ ಅನಿಲವನ್ನು ಪಕ್ಕದಿಂದ ಬಿಟ್ಟು, ಮೇಲಿನಿಂದ ಇನ್ನೊಂದು ಅನಿಲದಿಂದ ಅದನ್ನು ಹಾಸಿಗೆ ಒತ್ತಿ ಹಿಡಿಯುವಂತೆ ಮಾಡಿದರು. 1993ರ ನವೆಂಬರ್‌ನಲ್ಲಿ ಒಂದು ಕ್ಯಾಂಡೆಲಾ, ಅಂದರೆ ಸುಮಾರು ಒಂದು ಮೇಣದಬತ್ತಿಯ ಹೊಳಪು, ಮೀರಿದ ನೀಲಿ ಎಲ್‌ಇಡಿ ಹೊರಬಂತು. ಹೊಲೊನ್ಯಾಕ್ ಅವರ ಕೆಂಪಿನಿಂದ ಲೆಕ್ಕ ಹಾಕಿದರೆ ಮೂವತ್ತೊಂದು ವರ್ಷ. ಬೆಳಕು ಹೇಗೆ ಬರುತ್ತದೆ ಅನ್ನುವ ತಿಳಿವಳಿಕೆ ಮೊದಲಿನಿಂದ ಇತ್ತು. ಅಷ್ಟೂ ವರ್ಷ ಹಿಡಿದದ್ದು ಹರಳು ಬೆಳೆಸುವ ಕೈಕೆಲಸ. ಅಕಸಾಕಿ, ಅಮಾನೊ, ನಕಮುರ ಮೂವರಿಗೂ 2014ರ ಭೌತವಿಜ್ಞಾನದ ನೊಬೆಲ್ ಬಂತು.

ಈಗ ಎರಡು ತಂತಿ ಕಂಡವರು ನೋಡಿ. ನಿಮ್ಮದು ನೀಲಿ ಅಲ್ವಾ? ಕೆಂಪಿನ ಹರಳಿನಲ್ಲಿ ಕರೆಂಟು ತಳದಿಂದ ನೆತ್ತಿಗೆ ನೇರವಾಗಿ ಹರಿಯುತ್ತದೆ. ಮೇಲೆ ಒಂದು ತಂತಿ ಸಾಕು, ಇನ್ನೊಂದು ತುದಿ ಬಟ್ಟಲಿಗೇ ಕೂತಿದೆ. ನೀಲಿಯ ತಳದಲ್ಲಿರುವುದು ಸಫೈರ್. ಅದರಲ್ಲಿ ಕರೆಂಟು ಹರಿಯುವುದಿಲ್ಲ. ಅದಕ್ಕೇ ಪ್ಲಸ್, ಮೈನಸ್ ಎರಡನ್ನೂ ಮೇಲಿನಿಂದಲೇ ಕೊಡಬೇಕು. ಸಫೈರನ್ನು ಹಾಸಾಗಿ ಆರಿಸಿಕೊಂಡ ಕಥೆಯೆಲ್ಲ ಆ ಎರಡನೆಯ ತಂತಿಯಲ್ಲಿ ಇದೆ.

ಬಿಳಿಯ ವಿಷಯ ಇನ್ನು ಸುಲಭ. ಹೊತ್ತಿಸದೆ ಇಟ್ಟ ಬಿಳಿ ಎಲ್‌ಇಡಿ ಟಾರ್ಚನ್ನು ತಿರುಗಿಸಿ ಮೂತಿ ನೋಡಿ. ಒಳಗೆ ಹಳದಿ ಚುಕ್ಕಿ ಇದೆ. ಅದು ಫಾಸ್ಫರ್. ಅದರಡಿ ಇರುವುದು ನೀಲಿ ಹರಳೇ. ನೀಲಿಯ ಒಂದು ಪಾಲನ್ನು ಫಾಸ್ಫರ್ ಕುಡಿದು ಹಳದಿಯಾಗಿ ಬಿಡುತ್ತದೆ, ಉಳಿದ ನೀಲಿ ಹಾಗೇ ದಾಟುತ್ತದೆ. ಎರಡೂ ಸೇರಿ ಕಣ್ಣಿಗೆ ಬಿಳಿ. 1996ರಲ್ಲಿ ನಿಚಿಯಾ ಇದನ್ನು ಮಾರುಕಟ್ಟೆಗೆ ತಂದಿತು. ಈ ಬಿಳಿಯಲ್ಲಿ ಕೆಂಪು ಕಡಿಮೆ. ಅದಕ್ಕೇ ಅಗ್ಗದ ಬಿಳಿ ದೀಪದಡಿ ಕೆಂಪು ಬಟ್ಟೆ ಮಂಕಾಗಿ, ಮುಖ ಬಿಳಿಚಿಕೊಂಡಂತೆ ಕಾಣುತ್ತದೆ. ಕೆಂಪು ಕೊಡುವ ಫಾಸ್ಫರನ್ನೂ ಸೇರಿಸಿದರೆ ಬೆಚ್ಚಗಿನ ಬಿಳಿ ಬರುತ್ತದೆ. ದೀಪ ಕೊಳ್ಳುವಾಗ ವ್ಯಾಟ್ ಮಾತ್ರ ನೋಡಬೇಡಿ, ಬಣ್ಣ ಹೇಗೆ ಕಾಣುತ್ತದೆ ಅನ್ನುವುದನ್ನೂ ನೋಡಿ.

ಹುಟ್ಟಿದ ಬೆಳಕನ್ನು ಹರಳಿನಿಂದ ಹೊರಗೆ ತರುವುದೇ ಇನ್ನೊಂದು ಹೋರಾಟ. ನೀರಿನೊಳಗಿಂದ ಓರೆಯಾಗಿ ಮೇಲೆ ನೋಡಿದರೆ ನೀರಿನ ಮೈ ಕನ್ನಡಿಯಾಗಿ ಕಾಣುತ್ತದೆ. ಹರಳಿನಲ್ಲಿ ಅದು ಇನ್ನೂ ತೀವ್ರ. ಗ್ಯಾಲಿಯಂ ಆರ್ಸೆನೈಡ್‌ನ ಮೈಗೆ ಸುಮಾರು 17 ಡಿಗ್ರಿಗಿಂತ ಓರೆಯಾಗಿ ಬಂದ ಬೆಳಕೆಲ್ಲ ಒಳಕ್ಕೇ ಹಿಂತಿರುಗುತ್ತದೆ. ಚಪ್ಪಟೆ ಮೈಯಿಂದ ನೇರ ಗಾಳಿಗೆ ತಪ್ಪಿಸಿಕೊಳ್ಳುವುದು ನೂರಕ್ಕೆ ಎರಡು ಪಾಲಿನಷ್ಟು. ನಿಮ್ಮ ಕೈಯಲ್ಲಿರುವ ಗುಂಡು ತಲೆಯ ಪ್ಲಾಸ್ಟಿಕ್ಕು ಅದಕ್ಕೇ ಇರುವುದು. ಹರಳಿಗೂ ಗಾಳಿಗೂ ನಡುವೆ ನಿಂತು ಅದು ಬೆಳಕಿಗೆ ದಾರಿ ಬಿಡುತ್ತದೆ. ಈಗಿನ ಹರಳುಗಳ ಮೈಯನ್ನು ಬೇಕೆಂದೇ ಒರಟು ಮಾಡುತ್ತಾರೆ, ಕನ್ನಡಿ ಒಡೆದುಹೋಗಲಿ ಅಂತ.

ಒಬ್ಬರು ಕೇಳಿದರು, ಎಲ್‌ಇಡಿ ಇಪ್ಪತ್ತೈದು ಸಾವಿರ ಗಂಟೆ ಬಾಳುತ್ತದೆ ಅಂತಾರೆ, ನಮ್ಮ ಬಲ್ಬು ವರ್ಷಕ್ಕೇ ಹೋಯಿತಲ್ಲ? ನನ್ನಲ್ಲೂ ಹೀಗೇ ಒಂದು ಹೋಗಿತ್ತು, ಮುಚ್ಚಿದ ಗಾಜಿನ ಗೋಳದೊಳಗೆ ಹಾಕಿದ್ದು. ಬಿಚ್ಚಿ ನೋಡಿದೆ. ತಟ್ಟೆಯ ಮೇಲೆ ಹಳದಿ ಹರಳುಗಳು ವೃತ್ತವಾಗಿ ಕೂತಿದ್ದವು. ಒಂದರ ನಡುವೆ ಮಾತ್ರ ಸೂಜಿಮೊನೆಯಷ್ಟು ಕಪ್ಪು ಚುಕ್ಕಿ. ಎಲ್ಲವೂ ಒಂದರ ಹಿಂದೆ ಒಂದು ಸರದ ಹಾಗೆ ಜೋಡಿಸಿದ್ದು. ಒಂದು ಸತ್ತರೆ ಕರೆಂಟಿನ ದಾರಿ ತುಂಡಾಗಿ ಎಲ್ಲ ಆರುತ್ತವೆ. ಇದನ್ನು ಮನೆಯಲ್ಲಿ ಬಿಚ್ಚಿ ಹೊತ್ತಿಸಲು ಹೋಗಬೇಡಿ, ಒಳಗಿನ ಎಲ್ಲ ಭಾಗದಲ್ಲೂ ಮೇನ್ ಕರೆಂಟು ಇರಬಹುದು, ಜೀವಕ್ಕೆ ಅಪಾಯ. ಹಳೆಯ ಬಲ್ಬು ತನ್ನ ಬಿಸಿಯನ್ನು ಬೆಳಕಿನ ಜೊತೆಗೇ ಹೊರಗೆ ಎಸೆಯುತ್ತಿತ್ತು. ಎಲ್‌ಇಡಿಯ ಬಿಸಿ ಹರಳಿನ ಬೆನ್ನಲ್ಲೇ ಉಳಿಯುತ್ತದೆ. ಅದು ಲೋಹದ ಮೂಲಕ ಇಳಿದುಹೋಗಬೇಕು. ಇಳಿಯಲು ದಾರಿ ಇಲ್ಲದಿದ್ದರೆ ಹರಳು ಬೇಯುತ್ತದೆ, ಇಲ್ಲವೇ ಕರೆಂಟನ್ನು ಹದ ಮಾಡಿ ಕೊಡುವ ಡ್ರೈವರ್ ಸರ್ಕ್ಯೂಟಿನ ಕೆಪಾಸಿಟರ್ ಒಣಗುತ್ತದೆ. ಅದಕ್ಕೇ ಗಾಳಿಯಾಡದ ಕಡೆ ಹಾಕಿದ ಬಲ್ಬು ಬೇಗ ಹೋಗುತ್ತದೆ.

ಇನ್ನೂ ಬಗೆಹರಿಯದ್ದು ಒಂದಿದೆ, ಹಸಿರು. ನಮ್ಮ ಕಣ್ಣು ಅತಿ ಚುರುಕಾಗಿರುವುದು ಹಸಿರಿಗೆ, 555 ನ್ಯಾನೋಮೀಟರ್ ಸುತ್ತ. ಕೆಂಪು, ನೀಲಿ ಎರಡೂ ಚೆನ್ನಾಗಿ ಬೆಳಗುತ್ತವೆ, ನಡುವಿನ ಹಸಿರು ಹಿಂದೆ ಬಿದ್ದಿದೆ. ನೀಲಿಯಿಂದ ಹಸಿರಿಗೆ ಇಳಿಯಲು ಇಂಡಿಯಂ ಜಾಸ್ತಿ ಬೇಕು. ಜಾಸ್ತಿ ಹಾಕಿದರೆ ಹರಳು ಕೆಡುತ್ತದೆ. ಮತ್ತೆ ಅದೇ ಹರಳಿನ ಕೆಲಸ.

ಕೊನೆಯದಾಗಿ ಒಂದು ಪ್ರಯೋಗ ಮಾಡೋಣ. ದೀಪ ಆರಿಸಿ. ಕೆಂಪು ಎಲ್‌ಇಡಿಯ ಎರಡು ಕಾಲಿಗೆ ಮೀಟರ್ ಹಾಕಿದ್ದೇನೆ, ಬ್ಯಾಟರಿ ಇಲ್ಲ. ನೀಲಿ ಎಲ್‌ಇಡಿಯನ್ನು ಹೊತ್ತಿಸಿ ಅದರ ತಲೆಗೆ ತಲೆ ಮುಟ್ಟಿಸುತ್ತೇನೆ. ಮೀಟರಿನ ಅಂಕಿ ಏರುತ್ತಿದೆ, ನೋಡಿ. ನೀಲಿಯ ಫೋಟಾನ್ ಬಂದು ಕೆಂಪು ಹರಳಿನ ಎಲೆಕ್ಟ್ರಾನನ್ನು ನೆಲಮಾಳಿಗೆಯಿಂದ ಮಹಡಿಗೆ ಎತ್ತಿತು. ದೀಪವೇ ಸೋಲಾರ್ ಸೆಲ್ ಆಯಿತು. ಈಗ ಅದಲು ಬದಲು ಮಾಡುತ್ತೇನೆ. ಮೀಟರ್ ನೀಲಿಗೆ, ಬೆಳಕು ಕೆಂಪಿನದು. ಇನ್ನೂ ಹತ್ತಿರ ಹಿಡಿಯುತ್ತೇನೆ. ಇನ್ನೊಂದು ಕೆಂಪನ್ನೂ ಸೇರಿಸುತ್ತೇನೆ. ಅಂಕಿ ಸೊನ್ನೆ ಬಿಟ್ಟು ಕದಲುತ್ತಿಲ್ಲ. ಎಷ್ಟು ಕೆಂಪು ಸುರಿದರೂ ಒಂದೊಂದು ಫೋಟಾನ್‌ಗೂ 1.9ರ ಬಲವೇ ಇರುವುದು, ಆ ಮಹಡಿ ಇರುವುದು 2.75ರ ಎತ್ತರದಲ್ಲಿ.